ಒಂದು ಅಡಿಟಿಪ್ಪಣಿ, ಅರವತ್ತು ವರ್ಷದ ಜಗಳ

ಕ್ಯಾಥೊಲಿಕ್ ಚರ್ಚಿನ ಭಾನುವಾರದ ಪೂಜೆಯಲ್ಲಿ ಪರಮಪ್ರಸಾದದ, ಅಂದರೆ ಪವಿತ್ರ ರೊಟ್ಟಿ ಸ್ವೀಕರಿಸುವ ಹೊತ್ತು. ಎಲ್ಲರೂ ಎದ್ದು ಸಾಲಾಗಿ ಪೀಠದ ಕಡೆ ಹೋಗುತ್ತಾರೆ. ಒಬ್ಬರು ಮಾತ್ರ ಕಾಲು ಪಕ್ಕಕ್ಕೆ ಸರಿಸಿ, ಬೇರೆಯವರಿಗೆ ದಾರಿ ಬಿಟ್ಟು ಬೆಂಚಿನಲ್ಲೇ ಕೂತಿರುತ್ತಾರೆ. ವಿಚ್ಛೇದನ ಆಗಿದೆ, ಆದರೆ ಚರ್ಚ್ ಲೆಕ್ಕದಲ್ಲಿ ಮೊದಲ ಮದುವೆ ಇನ್ನೂ ಊರ್ಜಿತ. ಅಷ್ಟರಲ್ಲಿ ಇನ್ನೊಂದು ಮದುವೆಯೂ ಆಗಿದೆ. ಇಂಥವರಿಗೆ ಪ್ರಸಾದ ಕೊಡಬಹುದಾ?

2016ರಲ್ಲಿ ಪೋಪ್ ಫ್ರಾನ್ಸಿಸ್ ಕುಟುಂಬದ ಬಗ್ಗೆ ‘ಅಮೋರಿಸ್ ಲೆಟೀಶಿಯಾ’ ಎಂಬ ಬೋಧನಾ ಪತ್ರ ಬರೆದರು. ಇಂಥವರಿಗೆ ಕೆಲವು ಸಂದರ್ಭಗಳಲ್ಲಿ ಪರಮಪ್ರಸಾದದಂಥ ಸಂಸ್ಕಾರಗಳ ನೆರವೂ ಸಿಗಬಹುದು ಎಂದದ್ದು ಅದರ 351ನೇ ಅಡಿಟಿಪ್ಪಣಿ. ಪುಟದ ತಳದಲ್ಲಿ ಕೆಲವೇ ಸಾಲು. ಆ ವರ್ಷವೇ ನಾಲ್ವರು ಸಂಪ್ರದಾಯವಾದಿ ಕಾರ್ಡಿನಲ್‌ಗಳು, ಅಂದರೆ ಪೋಪ್‌ಗೆ ಸಲಹೆ ಕೊಡುವ ಹಿರಿಯ ಧರ್ಮಗುರುಗಳು, ಐದು ಪ್ರಶ್ನೆ ಬರೆದು, ಹೌದು ಅಥವಾ ಇಲ್ಲ ಅಂತ ಹೇಳಿ ಎಂದು ಕೇಳಿದರು. ಉತ್ತರ ಬರಲಿಲ್ಲ. ನವೆಂಬರ್‌ನಲ್ಲಿ ಪತ್ರವನ್ನು ಬಹಿರಂಗ ಮಾಡಿದರು. ಕಾರ್ಡಿನಲ್‌ಗಳೇ ಪೋಪ್‌ರನ್ನು ಹೀಗೆ ಎಲ್ಲರೆದುರು ಪ್ರಶ್ನಿಸಿದ್ದು ಸಣ್ಣ ವಿಷಯ ಅಲ್ಲ.

ಐವತ್ತು ವರ್ಷ ಹಿಂದಕ್ಕೆ ಹೋದರೆ ಇದೇ ಜಗಳ ತಿರುವುಮುರುವಾಗಿ ಕಾಣುತ್ತದೆ. ಗರ್ಭನಿರೋಧಕಗಳ ಬಗ್ಗೆ ಯೋಚಿಸಲು ವ್ಯಾಟಿಕನ್ ಒಂದು ಆಯೋಗ ಮಾಡಿತ್ತು. ದಂಪತಿಗಳು, ವೈದ್ಯರು ಕೂಡ ಅದರಲ್ಲಿದ್ದರು. ಅವಕಾಶ ಕೊಡಬಹುದು ಎಂದು ಬಹುಮತ 1966ರಲ್ಲಿ ಹೇಳಿತು. ಪೋಪ್ ಆರನೇ ಪೌಲ್ ಒಪ್ಪಲಿಲ್ಲ. 1968ರ ಜುಲೈನಲ್ಲಿ ‘ಹ್ಯೂಮಾನೇ ವೀಟೇ’ ಎಂಬ ವಿಶ್ವಪತ್ರದಲ್ಲಿ, ಅಂದರೆ ಇಡೀ ಚರ್ಚಿಗೆ ಬರೆದ ಪತ್ರದಲ್ಲಿ, ಬೇಡ ಅಂದುಬಿಟ್ಟರು. ಕೆಲವೇ ದಿನಗಳಲ್ಲಿ ಅಮೆರಿಕದ ದೇವಶಾಸ್ತ್ರಜ್ಞ ಚಾರ್ಲ್ಸ್ ಕರನ್ ಮುಂದಾಳತ್ವದಲ್ಲಿ ವಿರೋಧದ ಹೇಳಿಕೆ ಬಂತು. ಕೊನೆಗೆ ಅದಕ್ಕೆ ಸಹಿ ಹಾಕಿದವರು 600ಕ್ಕೂ ಜಾಸ್ತಿ. ಆಗ ಮನಸ್ಸಾಕ್ಷಿಯ ಮಾತಾಡಿದವರು ಉದಾರವಾದಿಗಳು. ಪೋಪ್ ಹೇಳಿದ ಮೇಲೆ ಮುಗಿಯಿತು ಎಂದವರು ಸಂಪ್ರದಾಯವಾದಿಗಳು. ಪೌಲ್ ಇನ್ನೂ ಹತ್ತು ವರ್ಷ ಬದುಕಿದ್ದರು, ಇನ್ನೊಂದು ವಿಶ್ವಪತ್ರ ಬರೆಯಲೇ ಇಲ್ಲ.

ಲ್ಯಾಟಿನ್ ಪೂಜೆಯ ಜಗಳವೂ ಇದರ ಜೊತೆಗೇ ಬೆಳೆಯಿತು. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ, ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದ ಪೂಜೆಯಲ್ಲಿ ಜನರಾಡುವ ಭಾಷೆಗಳಿಗೆ ಬಾಗಿಲು ತೆರೆಯಿತು. ಇವತ್ತು ನಮ್ಮಲ್ಲಿ ಕನ್ನಡದಲ್ಲಿ ಬಲಿಪೂಜೆ ನಡೆಯುವುದು ಅದರಿಂದಲೇ. ಹಳೆಯದನ್ನು ಬಿಡದ ಆರ್ಚ್‌ಬಿಷಪ್ ಲೆಫೆವ್ರ್ 1988ರಲ್ಲಿ ಪೋಪ್ ಅನುಮತಿಯಿಲ್ಲದೆ ನಾಲ್ವರನ್ನು ಬಿಷಪ್ ಮಾಡಿ ಬಹಿಷ್ಕಾರಕ್ಕೆ ಒಳಗಾದರು. 2007ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಹಳೆಯ ಪೂಜೆಗೆ ಧಾರಾಳವಾಗಿ ಅವಕಾಶ ಕೊಟ್ಟರು. 2021ರಲ್ಲಿ ಫ್ರಾನ್ಸಿಸ್ ಅದನ್ನು ಬಿಗಿ ಮಾಡಿದರು. ಪದವಿ ಬಿಟ್ಟಿದ್ದ ಬೆನೆಡಿಕ್ಟ್ ಆಗ ಇನ್ನೂ ಬದುಕಿದ್ದರು.

ನನಗೆ ಸಂಕಟ ಆಗುವುದು ಇಲ್ಲೇ. ಒಬ್ಬ ಪೋಪ್ ಕೊಟ್ಟದ್ದನ್ನು ಇನ್ನೊಬ್ಬರು ಹಿಂದಕ್ಕೆ ತಗೊಂಡರೆ, ನಂಬಿ ಮಂಡಿಯೂರಿದವರು ಏನು ಮಾಡಬೇಕು? ಹಳೆಯ ಪೂಜೆಯಲ್ಲಿ ನೆಮ್ಮದಿ ಕಂಡವರಿಗೂ, ಬೆಂಚಿನಲ್ಲೇ ಉಳಿದವರಿಗೂ ಈ ಪ್ರಶ್ನೆ ಒಂದೇ ಅಲ್ವಾ?

2025ರ ಮೇನಲ್ಲಿ ಹದಿನಾಲ್ಕನೇ ಲಿಯೋ ಪೋಪ್ ಆದರು. ಅಕ್ಟೋಬರ್‌ನಲ್ಲಿ ಅವರ ಅನುಮತಿಯಿಂದಲೇ ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಚರ್ಚಿನಲ್ಲಿ ಹಳೆಯ ಲ್ಯಾಟಿನ್ ಪೂಜೆ ನಡೆಯಿತು. ಪೂಜೆ ಅರ್ಪಿಸಿದವರು ಕಾರ್ಡಿನಲ್ ಬರ್ಕ್, ಆ ಐದು ಪ್ರಶ್ನೆ ಕೇಳಿದ ನಾಲ್ವರಲ್ಲಿ ಒಬ್ಬರು. 351ನೇ ಅಡಿಟಿಪ್ಪಣಿ ಇನ್ನೂ ಅದೇ ಪುಟದಲ್ಲಿದೆ.