ಬಣ್ಣ ಆಮೇಲೆ, ಮೊದಲು ಬೂದು

3D ಚಿತ್ರ ತಯಾರಿಸುವ ತಂತ್ರಾಂಶ ಬ್ಲೆಂಡರ್‌ನಲ್ಲಿ ಅಮೂರ್ತ ಚಿತ್ರ ಮಾಡಲು ಕೂತವರ ಕೈ ಮೊದಲು ಹೋಗುವುದು ಬಣ್ಣದ ಕಡೆಗೆ. ನೇರಳೆ, ಕಿತ್ತಳೆ, ಮಿರುಗುವ ಚಿನ್ನ. ಅರ್ಧ ಗಂಟೆಯಲ್ಲಿ ಪರದೆ ತುಂಬ ಝಗಮಗ, ಆದರೆ ಕಣ್ಣು ಮಾತ್ರ ಎಲ್ಲೂ ನಿಲ್ಲುವುದಿಲ್ಲ. ಹೊಸಬರಿಗೆ ನಾನು ಹೇಳುವುದು ಒಂದೇ: ಮೆಟೀರಿಯಲ್ (ಮೇಲ್ಮೈಗೆ ಬಣ್ಣ, ಹೊಳಪು ಕೊಡುವ ಹೊದಿಕೆ) ಎಲ್ಲ ತೆಗೆದು ಬೂದು ಬಣ್ಣದಲ್ಲಿ ನೋಡಿ. ಅಲ್ಲಿ ಚೆನ್ನಾಗಿ ಕಾಣದ ಚಿತ್ರವನ್ನು ಬಣ್ಣ ಕಾಪಾಡಲಾರದು.

ಆಕಾರ ಹುಟ್ಟಿಸುವುದು ಅಷ್ಟು ಕಷ್ಟವಲ್ಲ. ಒಂದು ಘನಕ್ಕೆ ಆರು ಮುಖ. ಸಬ್‌ಡಿವಿಷನ್‌ನ ಪ್ರತಿ ಹಂತದಲ್ಲೂ ಒಂದೊಂದು ಮುಖ ನಾಲ್ಕಾಗುತ್ತದೆ. ಆರನೇ ಹಂತಕ್ಕೆ 24,576. ಅದರ ಮೇಲೆ, ಮೇಲ್ಮೈಯ ಬಿಂದುಗಳನ್ನು ಒಳಹೊರಗೆ ಸರಿಸುವ ಡಿಸ್‌ಪ್ಲೇಸ್ ಮಾಡಿಫೈಯರ್ ಹಾಕಿ ನಾಯ್ಸ್ (ಲೆಕ್ಕದಿಂದ ಹುಟ್ಟಿಸಿದ ಏರಿಳಿತದ ವಿನ್ಯಾಸ) ಕೊಟ್ಟರೆ ಉಬ್ಬುತಗ್ಗು ಏಳುತ್ತವೆ. ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞ ಕೆನ್ ಪರ್ಲಿನ್ 1980ರ ದಶಕದಲ್ಲಿ ರೂಪಿಸಿದ ಈ ಬಗೆಯ ನಾಯ್ಸ್ ಬರೀ ಗೊಂದಲವಲ್ಲ. ಅಕ್ಕಪಕ್ಕದ ಬಿಂದುಗಳ ಬೆಲೆ ಹತ್ತಿರಹತ್ತಿರ ಇರುವುದರಿಂದ ಮೇಲ್ಮೈ ಮುಳ್ಳಾಗದೆ ಗುಡ್ಡದಂತೆ ಹರಿಯುತ್ತದೆ. ಒಂದೇ ನಾಯ್ಸ್‌ಗೆ ತೃಪ್ತರಾಗಬೇಡಿ: ದೊಡ್ಡ ಅಲೆಯದೊಂದು, ಅದರ ಹತ್ತನೇ ಒಂದು ಪಾಲು ಬಲದ ಸಣ್ಣ ಅಲೆಯದೊಂದು. ದೂರದಿಂದಲೂ ಹತ್ತಿರದಿಂದಲೂ ನೋಡಲು ಏನಾದರೂ ಸಿಗುತ್ತದೆ.

ಉಳಿದದ್ದೆಲ್ಲ ಬೆಳಕಿನ ಕೆಲಸ. ಕ್ಯಾಮೆರಾದ ಹಿಂದಿನಿಂದ ಬಿದ್ದ ಬೆಳಕು ಮಡಿಕೆಗಳನ್ನು ಅಳಿಸಿಹಾಕುತ್ತದೆ. ಅದೇ ದೀಪವನ್ನು ಪಕ್ಕಕ್ಕೆ ಸರಿಸಿ, ಮೇಲ್ಮೈಯನ್ನು ಸವರುವಂತೆ ಬಿಟ್ಟರೆ ಪ್ರತಿ ಏರಿಗೂ ನೆರಳು ಹುಟ್ಟುತ್ತದೆ. ದೀಪದ ಗಾತ್ರ ಹಿಗ್ಗಿಸಿದಷ್ಟೂ ಆ ನೆರಳಿನ ಅಂಚು ಮೆತ್ತಗಾಗುತ್ತದೆ.

ಒಬ್ಬ ಹುಡುಗಿ ಸುರುಳಿಯೊಂದನ್ನು ಪೂರ್ತಿ ಲೋಹ ಮಾಡಿ, ರಫ್‌ನೆಸ್ (ಒರಟುತನ) ಸೊನ್ನೆಗಿಳಿಸಿ, ಕಪ್ಪು ಹಿನ್ನೆಲೆಯಲ್ಲಿಟ್ಟಿದ್ದಳು. ಸುರುಳಿ ಕಾಣುತ್ತಲೇ ಇರಲಿಲ್ಲ. "ಸರ್, ಲೈಟ್ ಪವರ್ ಹತ್ತು ಪಟ್ಟು ಮಾಡಿದೆ, ಆದ್ರೂ ಕಪ್ಪೇ" ಎಂದಳು. ನಯವಾದ ಲೋಹಕ್ಕೆ ತನ್ನದೇ ಮುಖವಿಲ್ಲಮ್ಮ, ಸುತ್ತ ಇರುವುದನ್ನೇ ಅದು ತೋರಿಸುತ್ತದೆ, ಸುತ್ತ ಬರೀ ಕತ್ತಲೆ ಇದೆಯಲ್ಲ ಎಂದೆ. ಅವಳ ಪುಟ್ಟ ದೀಪ ತೆಗೆದು, ಎರಡು ಬದಿಗೂ ಹಲಗೆಯಂತೆ ಹೊಳೆಯುವ ಉದ್ದನೆಯ ಏರಿಯಾ ಲೈಟ್ ನಿಲ್ಲಿಸಿದೆವು. ಸುರುಳಿಯ ಬೆನ್ನಿನುದ್ದಕ್ಕೂ ಎರಡು ಬಿಳಿ ಗೆರೆ ಎದ್ದು, ತಿರುವಿನಲ್ಲಿ ತೆಳುವಾಗಿ, ಮುಂದೆ ಮತ್ತೆ ಅಗಲವಾದವು. ಆಕಾರ ಮೊದಲ ಸಲ ಕಂಡಿತು. ಆಮೇಲೆ ಅವಳು ಹಾಕಿದ ಬಣ್ಣ ಒಂದೇ, ಎಡಗಡೆಯ ದೀಪಕ್ಕೆ ತುಸು ನೀಲಿ.