ಕಾಮಿಡಿ ಎಪಿಸೋಡ್ ಅಂದರೆ ಯಾವುದು?

ಬಾಹ್ಯಾಕಾಶ ಹಡಗಿನ ಕಥೆ ಹೇಳುವ ಟಿವಿ ಸರಣಿ ಸ್ಟಾರ್ ಟ್ರೆಕ್, ಅದರ ಹಳೇ ಸರಣಿಯ ಕಾಮಿಡಿ ಎಪಿಸೋಡ್‌ಗಳು ಅಂತ ಮೊನ್ನೆ ಇನ್ನೊಂದು ಪಟ್ಟಿ ಕಣ್ಣಿಗೆ ಬಿತ್ತು. ಎಂದಿನಂತೆ ಅದರಲ್ಲೂ 'ಸ್ಪಾಕ್ಸ್ ಬ್ರೇನ್' ಇತ್ತು. ಇದನ್ನು ಒಮ್ಮೆ ಬಿಡಿಸಿ ಹೇಳಲೇಬೇಕು.

1968ರ ಸೆಪ್ಟೆಂಬರ್ 20ರಂದು ಮೂರನೇ ಸೀಸನ್ ಶುರುವಾಗಿದ್ದು ಈ ಕಂತಿನಿಂದ. ತರ್ಕವೇ ಸರ್ವಸ್ವ ಎನ್ನುವ ಹಡಗಿನ ಅಧಿಕಾರಿ ಸ್ಪಾಕ್‌ನ ಮಿದುಳನ್ನೇ ಯಾರೋ ಕದ್ದೊಯ್ಯುತ್ತಾರೆ. ಮಿದುಳಿಲ್ಲದ ದೇಹವನ್ನು ಡಾಕ್ಟರ್ ಮೆಕಾಯ್ ರಿಮೋಟ್ ಒತ್ತಿ ನಡೆಸಿಕೊಂಡು ಹೋಗುತ್ತಾನೆ. ಕೊನೆಗೆ ಮಿದುಳನ್ನು ಮತ್ತೆ ಜೋಡಿಸುವಾಗ ಮೆಕಾಯ್‌ಗೆ ದಾರಿ ತೋಚುವುದಿಲ್ಲ. ಆಪರೇಷನ್ ಟೇಬಲ್ ಮೇಲೆ ಮಲಗಿದ ಸ್ಪಾಕ್ ತಾನೇ ಹೇಳಿಕೊಡುತ್ತಾನೆ! ನಗು ಬರುತ್ತೆ, ಒಪ್ಪಿದೆ. ಆದರೆ ಕಂತು ನಗಿಸಲು ಹೊರಟಿಲ್ಲ. ಆ ಸಂಗೀತ, ಕ್ಯಾಪ್ಟನ್ ಕರ್ಕ್ ಮುಖದ ಆತಂಕ, ಹತ್ತಿರವಾಗುವ ಗಡುವು, ಎಲ್ಲ ಇರುವುದು ನಮ್ಮನ್ನು ಹೆದರಿಸಲಿಕ್ಕೆ. ಹೆದರಬೇಕಾದಲ್ಲಿ ನಕ್ಕರೆ ಕಂತು ಸೋತಿದೆ ಎಂದರ್ಥ. ಹಾಸ್ಯ ಬೇರೆ, ನಗೆಪಾಟಲು ಬೇರೆ, ಅಲ್ವಾ?

ಇದನ್ನು ಲೀ ಕ್ರೋನಿನ್ ಎಂಬ ಹೆಸರಿನಲ್ಲಿ ಬರೆದವರು ಜೀನ್ ಕೂನ್. ಈ ಸರಣಿಯಲ್ಲಿ ಹಾಸ್ಯಕ್ಕೆ ಜಾಗ ಮಾಡಿಕೊಟ್ಟ ನಿರ್ಮಾಪಕರೂ ಅವರೇ. ಹಾಗಂತ ಅವರು ಬರೆದದ್ದೆಲ್ಲ ಕಾಮಿಡಿ ಆಗಿಬಿಡುವುದಿಲ್ಲ. ನೋಡಬೇಕಾದದ್ದು ತೆರೆಯ ಮೇಲೆ ಏನಿದೆ ಅನ್ನುವುದನ್ನು.

ನನ್ನ ಪರೀಕ್ಷೆ ಇಷ್ಟೇ. ನಗುವನ್ನು ತೆಗೆದುಬಿಟ್ಟರೆ ಕಥೆಯೇ ಕುಸಿದು ಬೀಳಬೇಕು. ಹಾಗಿದ್ದರೆ ಅದು ಕಾಮಿಡಿ ಎಪಿಸೋಡ್.

ಡೇವಿಡ್ ಜೆರಾಲ್ಡ್ ಬರೆದ 'ದ ಟ್ರಬಲ್ ವಿತ್ ಟ್ರಿಬಲ್ಸ್' ನೋಡಿ. ಪ್ರಸಾರವಾಗಿದ್ದು 1967ರ ಡಿಸೆಂಬರ್ 29ರಂದು. ಟ್ರಿಬಲ್ ಅಂದರೆ ತುಪ್ಪಳದ ಉಂಡೆಯಂಥ ಪ್ರಾಣಿ. ತಿನ್ನುತ್ತೆ, ಮರಿ ಹಾಕುತ್ತೆ, ಅಷ್ಟೇ. ಕರ್ಕ್ ಧಾನ್ಯದ ಕಣಜದ ಬಾಗಿಲು ತೆಗೆದರೆ ಅವು ತಲೆ ಮೇಲೆ ಸುರಿಯುತ್ತವೆ. ಎಷ್ಟಿರಬಹುದು? 17,71,561 ಅನ್ನುತ್ತಾನೆ ಸ್ಪಾಕ್. ಒಂದರಿಂದ ಶುರು, ಸಲಕ್ಕೆ ಹತ್ತು ಮರಿ, 12 ಗಂಟೆಗೊಂದು ತಲೆಮಾರು, ಮೂರು ದಿನ. ಲೆಕ್ಕ ಸರಿಯಾಗಿಯೇ ಇದೆ, 11ರ ಆರನೇ ಘಾತ. ಅವನಿಗೆ ಅದು ಜೋಕ್ ಅಲ್ಲವೇ ಅಲ್ಲ. ಆದರೆ ಕಣಜದಲ್ಲಿ ಬಹಳಷ್ಟು ಟ್ರಿಬಲ್‌ಗಳು ಸತ್ತು ಬಿದ್ದಿವೆ. ಧಾನ್ಯಕ್ಕೆ ವಿಷ ಬೆರೆಸಿದ್ದು ಗೊತ್ತಾಗುವುದೇ ಅದರಿಂದ. ವೇಷ ಮರೆಸಿಕೊಂಡ ಕ್ಲಿಂಗನ್ (ಶತ್ರು ಜನಾಂಗ) ಗೂಢಚಾರನನ್ನು ಹಿಡಿದುಕೊಡುವುದೂ ಅವೇ. ನಮ್ಮನ್ನು ನಗಿಸಿದ ಪ್ರಾಣಿಯೇ ಗಂಟನ್ನೂ ಬಿಚ್ಚುತ್ತದೆ.

ಇದರಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಆ ಹೊಡೆದಾಟ, ಮತ್ತು ಆಮೇಲಿನ ವಿಚಾರಣೆ. ಕ್ಲಿಂಗನ್ ಒಬ್ಬ ಕರ್ಕ್‌ಗೆ ಬೈಯುತ್ತಾನೆ. ಸಿಬ್ಬಂದಿಯ ಚೆಕೋವ್ ಎದ್ದರೆ ಹಡಗಿನ ಎಂಜಿನಿಯರ್ ಸ್ಕಾಟಿ ಅವನನ್ನು ತಡೆದು ಕೂರಿಸುತ್ತಾನೆ. ಅದೇ ಕ್ಲಿಂಗನ್ ಹಡಗಿಗೆ ಬೈದ ತಕ್ಷಣ ಸ್ಕಾಟಿಯ ಮುಷ್ಟಿಯೇ ಮಾತಾಡುತ್ತದೆ. ವಿಚಾರಣೆಯಲ್ಲಿ ಇದನ್ನು ಸ್ಕಾಟಿಯ ಬಾಯಿಂದಲೇ ಕೇಳುವಾಗ ಕರ್ಕ್ ಮುಖ ನೋಡಬೇಕು. ಹಡಗು ಅಂದರೆ ಪ್ರಾಣ ಬಿಡುವ ಸ್ಕಾಟಿ ನಮಗೆ ಮೊದಲೇ ಗೊತ್ತು. ನಗು ಹುಟ್ಟುವುದು ಅಲ್ಲಿಂದ. ಸುಮ್ನೆ ಸೇರಿಸಿದ ತಮಾಷೆಯಲ್ಲ.

'ಎ ಪೀಸ್ ಆಫ್ ದ ಆ್ಯಕ್ಷನ್' ಕೂಡ ಇದೇ ಜಾತಿ. ಅಲ್ಲಿ ಕಾವಲುಗಾರರನ್ನು ಯಾಮಾರಿಸಲು ಕರ್ಕ್ 'ಫಿಜ್‌ಬಿನ್' ಎಂಬ ಇಸ್ಪೀಟಾಟವನ್ನು ನಿಂತ ನಿಲುವಿನಲ್ಲೇ ಕಟ್ಟುತ್ತಾನೆ. ಮಂಗಳವಾರಕ್ಕೆ ಬೇರೆ ನಿಯಮ! ಆ ನಿಯಮಗಳಿಲ್ಲದಿದ್ದರೆ ಅವರು ತಪ್ಪಿಸಿಕೊಳ್ಳುವುದೇ ಇಲ್ಲ. 'ಐ, ಮಡ್' ಕೂಡ ಹಾಗೆಯೇ. ಆ್ಯಂಡ್ರಾಯ್ಡ್‌ಗಳನ್ನು, ಅಂದರೆ ಮನುಷ್ಯರೂಪದ ಯಂತ್ರಗಳನ್ನು, ಕೆಡಿಸುವುದು ಕರ್ಕ್ ತಂಡ ಆಡುವ ಹುಚ್ಚಾಟದ ನಾಟಕ.

ಕೊನೆಗೆಲ್ಲರೂ ನಕ್ಕರೆ ಅದು ಕಾಮಿಡಿ ಎಪಿಸೋಡ್ ಅನ್ನುವವರೂ ಇದ್ದಾರೆ. 1967ರ ಜನವರಿಯ 'ದ ಗೆಲಿಲಿಯೋ ಸೆವೆನ್' ಕೊನೆಯಲ್ಲಿ ಹಡಗಿನ ನಿಯಂತ್ರಣ ಕೊಠಡಿ (ಬ್ರಿಜ್) ತುಂಬ ನಗು, ಸ್ಪಾಕ್‌ನನ್ನು ಛೇಡಿಸಿಕೊಂಡು. ಆದರೆ ಅದು ನೌಕೆ ಕೆಟ್ಟು ಗ್ರಹದಲ್ಲಿ ಸಿಕ್ಕಿಬಿದ್ದವರ ಕಥೆ. ಜೊತೆಗಾರರು ಅಲ್ಲೇ ಸತ್ತಿದ್ದಾರೆ. ಆ ನಗುವನ್ನು ಕತ್ತರಿಸಿ ಹಾಕಿದರೂ ಕಥೆಗೆ ಏನೂ ಆಗುವುದಿಲ್ಲ. ನನ್ನನ್ನು ಕೇಳಿದರೆ, ಕತ್ತರಿಸಬೇಕಿತ್ತು.