ಸೋಲೋ ನುಡಿಸಿದವನಿಗೆ ಹಾಡಿನಲ್ಲಿ ಪಾಲಿದೆಯಾ?

ಓದುಗರ ಪ್ರಶ್ನೆ: ಹಳೇ ರಾಕ್ ಹಾಡುಗಳ ಕ್ಯಾಸೆಟ್ ಹಿಂದೆ ನೋಡಿದರೆ, ಬ್ಯಾಂಡಿನಲ್ಲಿ ನಾಲ್ಕೈದು ಜನ ಇದ್ದರೂ ಹಾಡಿನ ಕೆಳಗೆ ಒಬ್ಬರದೋ ಇಬ್ಬರದೋ ಹೆಸರು ಮಾತ್ರ ಇರುತ್ತದೆ. ನಮಗೆ ಆ ಹಾಡು ಅಂದ ಕೂಡಲೇ ನೆನಪಾಗುವುದು ಗಿಟಾರ್ ಅಥವಾ ಕೀಬೋರ್ಡ್ ತುಣುಕು. ಅದನ್ನು ಕಟ್ಟಿದವನ ಹೆಸರು ಯಾಕಿಲ್ಲ? ಅವನಿಗೆ ದುಡ್ಡಾದರೂ ಹೋಗುತ್ತಾ?

ಹಾಡಿನ ಲೆಕ್ಕದಲ್ಲಿ ಅವನಿಗೆ ಸಾಮಾನ್ಯವಾಗಿ ಏನೂ ಹೋಗುವುದಿಲ್ಲ. ನಮ್ಮಲ್ಲಿ ಒಂದು ಕಾಲಕ್ಕೆ ‘ಉಳುವವನೇ ಹೊಲದೊಡೆಯ’ ಅಂದರು. ರಾಕ್ ಸಂಗೀತದಲ್ಲಿ ಅಂಥ ಕಾನೂನು ಬರಲೇ ಇಲ್ಲ. ಅಲ್ಲಿ ಪಹಣಿಯಲ್ಲಿ ಯಾರ ಹೆಸರಿದೆಯೋ ಬೆಳೆ ಅವರದ್ದು. ಆ ಪಹಣಿಯೇ ಲೇಬಲ್ ಮೇಲಿನ ಪುಟ್ಟ ಅಕ್ಷರ.

ಹಾಡು ಒಂದೇ ಆದರೂ ಅದಕ್ಕೆ ಖಾತೆ ಎರಡು. ಒಂದು ಹಾಡಿನದು, ಅಂದರೆ ಮಾತು ಮತ್ತು ಮಟ್ಟು. ಇನ್ನೊಂದು ಧ್ವನಿಮುದ್ರಣದ್ದು, ಅಂದರೆ ಆ ದಿನ ಆ ಸ್ಟುಡಿಯೋದಲ್ಲಿ ಟೇಪಿಗೆ ಇಳಿದ ಸದ್ದು. ನುಡಿಸಿದವರು ಎರಡನೇ ಖಾತೆಯವರು. ಬ್ಯಾಂಡಿನವರಾದರೆ ರೆಕಾರ್ಡ್ ಮಾರಾಟದಲ್ಲಿ ಒಂದಿಷ್ಟು ಪಾಲು. ಹೊರಗಿನಿಂದ ಕರೆಸಿದವರಾದರೆ ದಿನಗೂಲಿ, ಅಲ್ಲಿಗೆ ಮುಗಿಯಿತು. ಬರೆದವರ ಕಥೆಯೇ ಬೇರೆ. ರೇಡಿಯೋದಲ್ಲಿ ಬಂದರೂ, ಇನ್ಯಾರೋ ಹಾಡಿ ರೆಕಾರ್ಡ್ ಮಾಡಿದರೂ, ಸಿನಿಮಾದವರು ಬಳಸಿದರೂ ಅವರಿಗೆ ಬರುತ್ತಲೇ ಇರುತ್ತದೆ. ಅವರು ತೀರಿಕೊಂಡ ಮೇಲೆ ಮಕ್ಕಳಿಗೂ ಬರುತ್ತದೆ.

ಈ ವ್ಯತ್ಯಾಸ ಎಷ್ಟು ದೊಡ್ಡದು ಅನ್ನೋದಕ್ಕೆ ಕ್ವೀನ್ ಬ್ಯಾಂಡಿನ ಒಂದು ತಟ್ಟೆ ಸಾಕು. 1975ರಲ್ಲಿ ‘ಬೊಹೀಮಿಯನ್ ರಾಪ್ಸಡಿ’ ಸಿಂಗಲ್ ಬಂತು, ಅಂದರೆ ಬದಿಗೊಂದು ಹಾಡಿನ ಪುಟ್ಟ ರೆಕಾರ್ಡು. ಬರೆದವನು ಫ್ರೆಡ್ಡಿ ಮರ್ಕ್ಯುರಿ. ಅದೇ ತಟ್ಟೆಯ ಹಿಂಬದಿಯಲ್ಲಿ ಡ್ರಮ್ಮರ್ ರೋಜರ್ ಟೇಲರ್ ಕಾರಿನ ಮೋಹದ ಬಗ್ಗೆ ಬರೆದ ಒಂದು ಹಾಡು. ಜನ ಕೊಂಡದ್ದು ಮುಂಬದಿಗಾಗಿ. ಆದರೆ ತಟ್ಟೆ ಒಂದು ಮಾರಿದರೆ ಎರಡೂ ಬದಿಯ ಬರಹಗಾರರಿಗೆ ಸಮ ದುಡ್ಡು. ಮುಂಬದಿಯಲ್ಲಿ ಆ ಗಿಟಾರ್ ಸೋಲೋ ನುಡಿಸಿದ ಬ್ರಯಾನ್ ಮೇಗೆ ಬರಹಗಾರನ ಲೆಕ್ಕದಲ್ಲಿ ಸೊನ್ನೆ. ಕಾರಿನ ಹಾಡಿನವನಿಗೆ ಮರ್ಕ್ಯುರಿಗೆ ಬಂದಷ್ಟೇ! ಜಗಳ ಆಗದೇ ಇರುತ್ತಾ? ಕೊನೆಗೆ 1989ರ ‘ದ ಮಿರಾಕಲ್’ ಆಲ್ಬಂ ಹೊತ್ತಿಗೆ ನಾಲ್ವರೂ ಕೂತು ತೀರ್ಮಾನ ಮಾಡಿದರು. ಯಾರು ಬರೆದರೂ ‘ಕ್ವೀನ್’ ಅಂತಲೇ ಹಾಕುವುದು. ಅವಿಭಕ್ತ ಕುಟುಂಬ.

ಎಲ್ಲರಿಗೂ ಅಷ್ಟು ಬುದ್ಧಿ ಬರಲಿಲ್ಲ. ನಿಮ್ಮ ಪ್ರಶ್ನೆಯನ್ನು ಪೂರ್ತಿ ಕೋರ್ಟಿಗೇ ಒಯ್ದವನು ಮ್ಯಾಥ್ಯೂ ಫಿಶರ್.

1967ರ ಮೇ ತಿಂಗಳಲ್ಲಿ ಪ್ರೋಕಲ್ ಹಾರಮ್ ಎಂಬ ಇಂಗ್ಲಿಷ್ ಬ್ಯಾಂಡಿನ ಮೊದಲ ಸಿಂಗಲ್ ಹೊರಬಂತು. ಹೆಸರು ‘ಎ ವೈಟರ್ ಶೇಡ್ ಆಫ್ ಪೇಲ್’. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಆರು ವಾರ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. ರಚನೆ ಅಂತ ಇದ್ದದ್ದು ಇಬ್ಬರ ಹೆಸರು. ಮಾತು ಬರೆದ ಕೀತ್ ರೀಡ್, ಮಟ್ಟು ಹಾಕಿ ಹಾಡಿದ ಗ್ಯಾರಿ ಬ್ರೂಕರ್. ರೀಡ್ ಬ್ಯಾಂಡಿನ ಸದಸ್ಯನೇ ಆದರೂ ಯಾವ ವಾದ್ಯವನ್ನೂ ಮುಟ್ಟುತ್ತಿರಲಿಲ್ಲ. ಆರ್ಗನ್ ನುಡಿಸಿದ ಫಿಶರ್ ಹೆಸರು ರಚನೆಯಲ್ಲಿ ಎಲ್ಲೂ ಇಲ್ಲ.

ಈ ಹಾಡು ಗೊತ್ತಿರುವವರನ್ನು ಒಮ್ಮೆ ಗುನುಗಿ ಅಂತ ಕೇಳಿ ನೋಡಿ. ಮಾತು ಬರಲ್ಲ. ಆ ಸಾಹಿತ್ಯ ಇವತ್ತಿಗೂ ಯಾರಿಗೂ ಸರಿಯಾಗಿ ಅರ್ಥವಾಗಿಲ್ಲ, ಅದು ಬೇರೆ ಮಾತು. ಬರುವುದು ಶುರುವಿನ ಆರ್ಗನ್. ನಾನು ಇದನ್ನು ಮೊದಲು ಕೇಳಿದ್ದು ಹಾಸ್ಟೆಲ್ಲಿನಲ್ಲಿ, ಗೆಳೆಯನ ಟೇಪ್‌ರೆಕಾರ್ಡರಿನಲ್ಲಿ. ಹಾಡುವ ಭಾಗ ಬಂದ ಕೂಡಲೇ ಅವನು ಟೇಪು ಹಿಂದಕ್ಕೆ ತಿರುಗಿಸಿ ಮತ್ತೆ ಆರ್ಗನ್ನನ್ನೇ ಹಾಕುತ್ತಿದ್ದ.

ಶುರುವಿನ ಆ ಎಂಟು ಬಾರ್‌ಗಳಲ್ಲಿ, ಅಂದರೆ ತಾಳದ ಎಂಟು ಸುತ್ತಿನಲ್ಲಿ, ಏನಾಗುತ್ತದೆ ಅಂತ ಹತ್ತಿರದಿಂದ ಕೇಳಿ. ಕೆಳಗೆ ಬೇಸ್ ಸ್ವರ ಸ-ನಿ-ದ-ಪ-ಮ-ಗ-ರಿ ಅಂತ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಅದು ಬ್ರೂಕರ್ ಪಿಯಾನೋ ಮುಂದೆ ಕೂತು ಮೊದಲೇ ಕಟ್ಟಿಟ್ಟಿದ್ದು, ಹಳೇ ಜರ್ಮನ್ ಸಂಗೀತಗಾರ ಬಾಖ್‌ನ ಗುಂಗಿನಲ್ಲಿ. ಅದರ ಮೇಲೆ ಫಿಶರ್‌ನ ಹ್ಯಾಮಂಡ್ ಆರ್ಗನ್ ಗಾಂಧಾರವನ್ನು ಹಿಡಿದು ಸುಮ್ನೆ ನಿಲ್ಲುತ್ತದೆ. ಪಿಯಾನೋದಲ್ಲಿ ಒತ್ತಿದ ಸ್ವರ ಒತ್ತಿದ ಕ್ಷಣದಿಂದಲೇ ಕರಗತೊಡಗುತ್ತದೆ. ಆರ್ಗನ್ನಿನಲ್ಲಿ ಬೆರಳು ಎತ್ತುವ ತನಕ ಹಾಗೇ ಇರುತ್ತದೆ. ಕೆಳಗಿನ ನೆಲ ಜಾರುತ್ತಿದೆ, ಮೇಲಿನ ಸ್ವರ ಅಲ್ಲಾಡದೆ ನಿಂತಿದೆ. ಆಮೇಲೆ ಅದೂ ಬಳುಕಿಕೊಂಡು ಇಳಿಯುತ್ತದೆ. ಮೆಟ್ಟಿಲು ಬ್ರೂಕರನದು, ಇಳಿದ ಚೆಂದ ಫಿಶರನದು.

ಹಾಗಾದರೆ ಹಾಡು ಯಾರದು? ಬ್ರೂಕರ್ ಕಡೆಯವರ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಫಿಶರ್ ಬ್ಯಾಂಡಿಗೆ ಸೇರುವ ಮುಂಚೆಯೇ ಹಾಡು ತಯಾರಾಗಿತ್ತು, ಅದರ ಡೆಮೊ, ಅಂದರೆ ಮಾದರಿ ರೆಕಾರ್ಡಿಂಗ್ ಕೂಡ ಇತ್ತು. ಆರ್ಗನ್ ನುಡಿಸುವವನ ಕೆಲಸವೇ ಆರ್ಗನ್ ನುಡಿಸುವುದು. ತನ್ನ ಭಾಗವನ್ನು ಅವನು ಚೆನ್ನಾಗಿಯೇ ನುಡಿಸಿದ. ಅಷ್ಟಕ್ಕೆ ಮನೆ ಬರೆದುಕೊಡಬೇಕಾ?

ಫಿಶರ್ 1969ರಲ್ಲಿ ಬ್ಯಾಂಡು ಬಿಟ್ಟ. ಮುಂದೆ ಕಂಪ್ಯೂಟರ್ ಪ್ರೋಗ್ರಾಮರ್ ಆದ. ಕೇಸು ಹಾಕಿದ್ದು 2005ರಲ್ಲಿ. ಅಂದರೆ ಹಾಡು ಬಂದು 38 ವರ್ಷ ಆದ ಮೇಲೆ! ಇಷ್ಟು ತಡ ಯಾಕೆ ಅಂತ ಎಲ್ಲರೂ ಕೇಳಿದರು. ಆಗಲೇ ಕೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಜಾಸ್ತಿ ಹಟ ಹಿಡಿದಿದ್ದರೆ ಬ್ಯಾಂಡಿನಿಂದಲೇ ಹೊರಗೆ ಹೋಗಬೇಕಾಗುತ್ತಿತ್ತು ಅನ್ನುವುದು ಅವನ ಹೇಳಿಕೆ. ಅಣ್ಣತಮ್ಮಂದಿರ ಆಸ್ತಿ ಜಗಳ ನೋಡಿದವರಿಗೆ ಇದು ಹೊಸದೇನಲ್ಲ. ಒಟ್ಟಿಗೆ ಇರುವಾಗ ಪಾಲು ಕೇಳಲು ಬಾಯಿ ಬರಲ್ಲ.

2006ರ ಡಿಸೆಂಬರಿನಲ್ಲಿ ಲಂಡನ್ನಿನ ಹೈಕೋರ್ಟ್ ಫಿಶರ್ ಪರ ತೀರ್ಪು ಕೊಟ್ಟಿತು. ಆ ಆರ್ಗನ್ ತುಣುಕು ಹಾಡಿನ ಗುರುತಿನ ಭಾಗ, ಹಾಗಾಗಿ ಅವನು ಸಹ-ರಚನಕಾರ ಅಂದಿತು. ಸಂಗೀತದ ಹಕ್ಕಿನಲ್ಲಿ ಅವನಿಗೆ 40% ಪಾಲು. ಅವನು ಕೇಳಿದ್ದು ಅರ್ಧ. ರೀಡ್‌ನ ಸಾಹಿತ್ಯದ ಪಾಲನ್ನು ಯಾರೂ ಮುಟ್ಟಲಿಲ್ಲ. ಹಿಂದಿನ ದುಡ್ಡು ಮಾತ್ರ ಇಲ್ಲ, ಕೇಸು ಹಾಕಿದ ದಿನದಿಂದ ಮುಂದಕ್ಕೆ ಅಷ್ಟೇ. 2008ರಲ್ಲಿ ಮೇಲ್ಮನವಿ ಕೋರ್ಟಿಗೆ ಹೋದಾಗ ಒಂದು ವಿಚಿತ್ರ ತೀರ್ಪು ಬಂತು. ರಚನಕಾರ ಹೌದು, ಆದರೆ ಇಷ್ಟು ತಡಮಾಡಿ ಬಂದದ್ದಕ್ಕೆ ಒಂದು ಪೈಸೆಯೂ ಇಲ್ಲ. ಊಟಕ್ಕೆ ಎಲೆ ಹಾಕಿ ಅನ್ನ ಬಡಿಸದ ಹಾಗೆ. ಫಿಶರ್ ಬಿಡಲಿಲ್ಲ. 2009ರ ಜುಲೈ ಕೊನೆಯಲ್ಲಿ, ಆಗ ಬ್ರಿಟನ್ನಿನ ಅತಿ ಮೇಲಿನ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ನ ನ್ಯಾಯಮೂರ್ತಿಗಳು ಒಮ್ಮತದಿಂದ ಅವನ ಪಾಲನ್ನು ವಾಪಸ್ ಕೊಟ್ಟರು. ಕೃತಿಸ್ವಾಮ್ಯ ನನ್ನದು ಅನ್ನಲು ಕಾನೂನಿನಲ್ಲಿ ಕಾಲಮಿತಿಯೇ ಇಲ್ಲ ಅಂದರು. ಅದೇ ವರ್ಷ ಬ್ರಿಟನ್ನಿನಲ್ಲಿ ಇನ್ನೊಂದು ಲೆಕ್ಕ ಹೊರಬಿದ್ದಿತ್ತು. ಹಿಂದಿನ 75 ವರ್ಷಗಳಲ್ಲಿ ಅಲ್ಲಿನ ಸಾರ್ವಜನಿಕ ಜಾಗಗಳಲ್ಲಿ ಅತಿ ಹೆಚ್ಚು ಸಲ ಮೊಳಗಿದ ರೆಕಾರ್ಡ್ ಇದೇ ಅಂತ. 40% ಅಂದರೆ ಸಣ್ಣ ಮಾತಲ್ಲ.

ಹಾಗಂತ ಸೋಲೋ ನುಡಿಸಿದವರೆಲ್ಲ ರಚನಕಾರರು ಅಂತಲ್ಲ. 1968ರ ಸೆಪ್ಟೆಂಬರಿನಲ್ಲಿ ಎರಿಕ್ ಕ್ಲಾಪ್ಟನ್ ಬೀಟಲ್ಸ್ ಸ್ಟುಡಿಯೋಗೆ ಹೋಗಿ ಜಾರ್ಜ್ ಹ್ಯಾರಿಸನ್ ಬರೆದ ‘ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್’ ಹಾಡಿಗೆ ಸೋಲೋ ನುಡಿಸಿ ಬಂದ. ಆಲ್ಬಂ ಮೇಲೆ ಅವನ ಹೆಸರೇ ಇರಲಿಲ್ಲ. ರಚನೆ ಇವತ್ತಿಗೂ ಹ್ಯಾರಿಸನ್ ಒಬ್ಬನದೇ. ನನ್ನ ಪ್ರಕಾರ ಅದು ಸರಿಯೇ.

ಇದನ್ನು ಅಳೆಯಲು ನನ್ನ ಹತ್ತಿರ ಒಂದು ದೇಸಿ ಅಳತೆಗೋಲಿದೆ. ನಮ್ಮ ಕಛೇರಿಯನ್ನು ನೆನಪಿಸಿಕೊಳ್ಳಿ. ಕೃತಿ ತ್ಯಾಗರಾಜರದು. ನೆರವಲ್, ಕಲ್ಪನಾಸ್ವರದಂಥ ಸ್ಥಳದಲ್ಲೇ ಕಟ್ಟುವ ವಿಸ್ತಾರ ಆ ಸಂಜೆ ಹಾಡಿದವರದು, ನಾಳೆ ಇನ್ನೊಬ್ಬರು ಬೇರೆ ಥರ ಹಾಡುತ್ತಾರೆ. ಆದರೆ ಸಂಗತಿಗಳು, ಅಂದರೆ ಒಂದೇ ಸಾಲನ್ನು ಬೆಳೆಸುತ್ತಾ ಹಾಡುವ ರೂಪಗಳು? ಶಿಷ್ಯರು, ಅವರ ಶಿಷ್ಯರು ಸೇರಿಸಿದ ಎಷ್ಟೋ ಸಂಗತಿಗಳು ಇವತ್ತು ಕೃತಿಯ ಒಳಗೇ ಕೂತಿವೆ. ಬಿಟ್ಟು ಹಾಡಿದರೆ ಏನೋ ತಪ್ಪಿದೆ ಅನಿಸುತ್ತದೆ. ಕ್ಲಾಪ್ಟನ್ ನುಡಿಸಿದ್ದು ಕಲ್ಪನಾಸ್ವರ. ಬೇರೆ ಗಿಟಾರಿಸ್ಟ್ ಆ ಜಾಗದಲ್ಲಿ ತನ್ನದೇ ಸೋಲೋ ನುಡಿಸಿದರೂ ಹಾಡು ಹಾಡಾಗಿಯೇ ಉಳಿಯುತ್ತದೆ. ಫಿಶರ್ ನುಡಿಸಿದ್ದು ಸಂಗತಿ. ಯಾರೇ ಈ ಹಾಡು ಎತ್ತಿಕೊಂಡರೂ ಆ ಆರ್ಗನ್ ತುಣುಕಿಲ್ಲದೆ ಶುರುಮಾಡಲು ಧೈರ್ಯ ಬರಲ್ಲ.

ಪಿಂಕ್ ಫ್ಲಾಯ್ಡ್‌ನ ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ಯನ್ನು ಇದೇ ಅಳತೆಗೋಲಿಗೆ ಹಿಡಿಯಿರಿ. ಪಿಯಾನೋ, ಅದರ ಕಾರ್ಡುಗಳು (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಬ್ಯಾಂಡಿನ ರಿಚರ್ಡ್ ರೈಟ್‌ನವು. ಹಾಡುವುದಕ್ಕೆ ಮಾತೂ ಇರಲಿಲ್ಲ, ಮಟ್ಟೂ ಇರಲಿಲ್ಲ. 1973ರ ಜನವರಿಯ ಒಂದು ಭಾನುವಾರ ಕ್ಲೇರ್ ಟೋರಿ ಎಂಬ ಗಾಯಕಿಯನ್ನು ಆ್ಯಬಿ ರೋಡ್ ಸ್ಟುಡಿಯೋಗೆ ಕರೆಸಿದರು. ಪದಗಳಿಲ್ಲದೆ, ಬರೀ ಕಂಠವನ್ನೇ ವಾದ್ಯ ಮಾಡಿಕೊಂಡು ಆಕೆ ಅತ್ತು ಕೂಗಿ ಕರಗಿದ್ದನ್ನು ನೀವು ಕೇಳಿರುತ್ತೀರಿ. ಕೂಲಿ 30 ಪೌಂಡ್. ಭಾನುವಾರ ಆದ್ದರಿಂದ ಡಬಲ್ ರೇಟು, ಇಲ್ಲದಿದ್ದರೆ 15. ಆಲ್ಬಂ ಕೋಟಿಗಟ್ಟಲೆ ಮಾರಾಟವಾಯಿತು, ರಚನೆಯಲ್ಲಿ ರೈಟ್ ಹೆಸರು ಮಾತ್ರ. 2004ರಲ್ಲಿ ಆಕೆ ಕೇಸು ಹಾಕಿದಳು, ಮರುವರ್ಷ ಕೋರ್ಟಿನ ಹೊರಗೇ ರಾಜಿಯಾಯಿತು. ಈಗಿನ ಪ್ರತಿಗಳಲ್ಲಿ ಗಾಯನದ ರಚನೆ ಕ್ಲೇರ್ ಟೋರಿ ಅಂತ ಇದೆ. ಆ ದನಿ ತೆಗೆದರೆ ಉಳಿಯುವುದು ಒಂದು ಒಳ್ಳೆಯ ಪಿಯಾನೋ ಹಿನ್ನೆಲೆ ಅಷ್ಟೇ ಅಲ್ವಾ?

ಉಲ್ಟಾ ದಿಕ್ಕಿನಲ್ಲೂ ಆಗುತ್ತದೆ. ಬೀಟಲ್ಸ್‌ನ ‘ಯೆಸ್ಟರ್ಡೇ’ ಪಾಲ್ ಮೆಕಾರ್ಟ್ನಿ ಒಬ್ಬನೇ ಬರೆದ ಹಾಡು. ಆದರೂ ಅದು ಲೆನನ್–ಮೆಕಾರ್ಟ್ನಿ ಖಾತೆಯಲ್ಲಿದೆ. ಇಬ್ಬರಲ್ಲಿ ಯಾರು ಬರೆದರೂ ಜೋಡಿ ಹೆಸರು ಅಂತ ಹುಡುಗರಾಗಿದ್ದಾಗ ಮಾಡಿಕೊಂಡ ಒಪ್ಪಂದ. 2002ರಲ್ಲಿ ಒಂದು ಲೈವ್ ಆಲ್ಬಂನಲ್ಲಿ ಮೆಕಾರ್ಟ್ನಿ 19 ಹಾಡುಗಳಿಗೆ ತನ್ನ ಹೆಸರನ್ನು ಮುಂದೆ ಹಾಕಿಕೊಂಡ. ಲೆನನ್‌ನ ಹೆಂಡತಿ ಯೋಕೋ ಓನೋಗೆ ಅದು ಹಿಡಿಸಲಿಲ್ಲ. ಅಂದಹಾಗೆ, ‘ಯೆಸ್ಟರ್ಡೇ’ಯ ಪಿಟೀಲುಗಳನ್ನು ಹೊಂದಿಸಿದ ಜಾರ್ಜ್ ಮಾರ್ಟಿನ್ ಹೆಸರು ಯಾವ ಆವೃತ್ತಿಯ ರಚನೆಯಲ್ಲೂ ಇಲ್ಲ.

ಕೊನೆಗೆ ಇನ್ನೊಬ್ಬ ಆರ್ಗನ್ ವಾದಕನ ಕಥೆ. ಇದು ಫಿಶರನ ಕಥೆಯನ್ನು ತಲೆಕೆಳಗು ಮಾಡಿ ನಿಲ್ಲಿಸಿದ ಹಾಗಿದೆ.

‘ದ ಹೌಸ್ ಆಫ್ ದ ರೈಸಿಂಗ್ ಸನ್’ ಯಾರೂ ಬರೆದದ್ದಲ್ಲ. ಅಮೆರಿಕದ ಜಾನಪದ, ಬಾಯಿಂದ ಬಾಯಿಗೆ ಬಂದದ್ದು. ನ್ಯೂಯಾರ್ಕಿನ ಡೇವ್ ವಾನ್ ರಾಂಕ್ ತನ್ನದೇ ರೀತಿಯಲ್ಲಿ ಅದನ್ನು ಹಾಡುತ್ತಿದ್ದ. ಬಾಬ್ ಡಿಲನ್ ಆ ರೀತಿಯನ್ನೇ ಎತ್ತಿ ತನ್ನ ಮೊದಲ ಆಲ್ಬಂನಲ್ಲಿ ಹಾಡಿದ. ಆಮೇಲೆ ಡಿಲನ್‌ನಿಂದ ಕದ್ದದ್ದು ಅಂತ ಜನ ಅನ್ನತೊಡಗಿದ್ದರಿಂದ ಅದನ್ನು ಹಾಡುವುದನ್ನೇ ಬಿಡಬೇಕಾಯಿತು ಅಂತ ವಾನ್ ರಾಂಕ್ ನಗುತ್ತಾ ಹೇಳುತ್ತಿದ್ದ. ಸ್ವಲ್ಪ ದಿನಕ್ಕೆ ಡಿಲನ್ ಗತಿಯೂ ಅದೇ ಆಯಿತಂತೆ. ಆ್ಯನಿಮಲ್ಸ್‌ನಿಂದ ಕದ್ದದ್ದು ಅಂತ!

ಆ ಆ್ಯನಿಮಲ್ಸ್ ಇಂಗ್ಲೆಂಡಿನ ನ್ಯೂಕ್ಯಾಸಲ್ ಹುಡುಗರು, ಐದು ಜನ. 1964ರ ಮೇ ತಿಂಗಳಲ್ಲಿ ಒಂದೇ ಟೇಕ್‌ನಲ್ಲಿ ರೆಕಾರ್ಡ್ ಮಾಡಿ ಮುಗಿಸಿದರು. ಜಾನಪದ ಹಾಡಾದರೆ ರಚನೆಯ ದುಡ್ಡು ಯಾರಿಗೆ? ಹಾಡನ್ನು ಹೊಸದಾಗಿ ಹೊಂದಿಸಿದವರಿಗೆ. ಲೇಬಲ್ ಮೇಲೆ ಹಾಗೆ ಅಚ್ಚಾದದ್ದು ಒಂದೇ ಹೆಸರು. ಆರ್ಗನ್ ನುಡಿಸಿದ ಆ್ಯಲನ್ ಪ್ರೈಸ್. ಗಾಯಕ ಎರಿಕ್ ಬರ್ಡನ್ ಹೇಳುವ ಪ್ರಕಾರ ಐದೂ ಹೆಸರು ಹಾಕಲು ಲೇಬಲ್ಲಿನಲ್ಲಿ ಜಾಗ ಇರಲಿಲ್ಲ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಆ್ಯಲನ್ ಮೊದಲು ಬರುತ್ತದೆ ಅಂತ ಅವನದ್ದನ್ನು ಹಾಕಿದರು. ಶಾಲೆಯ ಹಾಜರಿ ಪುಸ್ತಕದ ಲೆಕ್ಕ. ಹಾಡು ಅಟ್ಲಾಂಟಿಕ್‌ನ ಎರಡೂ ದಡದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಪ್ರೈಸ್ 1965ರಲ್ಲಿ ಬ್ಯಾಂಡು ಬಿಟ್ಟ, ರಚನೆಯ ದುಡ್ಡು ಅವನ ಜತೆಗೇ ಹೋಯಿತು. ಉಳಿದ ನಾಲ್ವರ ಕಹಿ ಹೋಗಲೇ ಇಲ್ಲ.

ಆ ಹಾಡು ಶುರುವಾಗುವುದು ಆರ್ಗನ್ನಿನಿಂದಲ್ಲ, ಗಿಟಾರಿನಿಂದ. ಎ ಮೈನರ್, ಸಿ, ಡಿ, ಎಫ್. ಎಡಗೈ ಕಾರ್ಡು ಹಿಡಿದಿರುತ್ತದೆ, ಬಲಗೈ ತಂತಿಗಳನ್ನು ಒಂದೊಂದಾಗಿ ಬಿಡಿಸುತ್ತಾ ಮೇಲೆ ಹೋಗಿ ಕೆಳಗೆ ಬರುತ್ತದೆ. ಅದನ್ನು ಕಟ್ಟಿದವನು ಹಿಲ್ಟನ್ ವ್ಯಾಲೆಂಟೈನ್. 2021ರ ಜನವರಿಯಲ್ಲಿ ತೀರಿಕೊಂಡ. ಬೆಂಗಳೂರಿನಲ್ಲಿ ಗಿಟಾರ್ ಹೇಳಿಕೊಡುವ ಯಾವುದಾದರೂ ಮನೆಯ ಮುಂದೆ ಸಂಜೆ ಹಾದುಹೋಗಿ. ಮೂರನೇ ತಿಂಗಳಿನ ಹುಡುಗನೋ ಹುಡುಗಿಯೋ ಎಫ್ ಕಾರ್ಡಿನ ಹತ್ತಿರ ಬಂದು ಎಡವಿ, ಮತ್ತೆ ಎ ಮೈನರ್‌ನಿಂದ ಶುರುಮಾಡುತ್ತಿರುತ್ತಾರೆ.